ಹನ್ನೆರಡು ಚೀಲ ಉಸುಕು

ಶಾಮಿಯಾನದ ಕೆಳಗೆ ನಾನು ಕೂಡುವುದಿಲ್ಲ. ಮದುವೆಗಳಿಗೆ ಹೋದರೆ ಅಕ್ಷತೆ ಹಾಕಿ ಹೊರಗೆ ಬಂದು ಬಿಸಿಲಲ್ಲಿ ನಿಲ್ಲುತ್ತೇನೆ. ಕೇಳಿದವರಿಗೆ ಒಳಗೆ ಸೆಖೆ ಎನ್ನುತ್ತೇನೆ. ಹೋದ ತಿಂಗಳು ಬಸವಕಲ್ಯಾಣದಲ್ಲಿ ನಮ್ಮ ಸೋದರತ್ತೆಯ ಮಗಳ ಮದುವೆ ಇತ್ತು. ಮನೆಯವನಾದ್ದರಿಂದ ಹೊರಗೆ ನಿಲ್ಲುವಂತಿರಲಿಲ್ಲ. ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಅಲ್ಲಿ ಒಂದು ಗೇಣು ಮಣ್ಣು, ಅದರ ಕೆಳಗೆ ಬರೀ ಕೆಂಪು ಕಲ್ಲು. ಗೂಟ ಹೊಡೆದರೆ ಗೂಟವೇ ಬಾಗುತ್ತದೆ. ಅದಕ್ಕೆ ಡೇರೆಯವರು ಹಗ್ಗಗಳನ್ನು ಉಸುಕಿನ ಚೀಲಗಳಿಗೆ ಕಟ್ಟುತ್ತಾರೆ.

ಊಟಕ್ಕೆ ಕುಳಿತವರ ಹಿಂದೆ ಅಂಥ ಒಂದು ಚೀಲದ ಹೊಲಿಗೆ ಬಿಚ್ಚಿತ್ತು. ಯೂರಿಯಾದ ಹಳೆಯ ಚೀಲ. ಯಾರೋ ಕೈ ತೊಳೆದ ನೀರು ಹರಿದುಬಂದು ಒಳಗಿನ ಉಸುಕು ತೊಯ್ದಿತ್ತು. ಪ್ಲಾಸ್ಟಿಕ್ಕಿನೊಳಗೆ ಬೆವೆತ ಉಸುಕಿನ ವಾಸನೆ, ಅದರಲ್ಲಿ ಸ್ವಲ್ಪ ಗೊಬ್ಬರ, ಸ್ವಲ್ಪ ತುಕ್ಕು. ಒಂದು ಇಡೀ ಚಳಿಗಾಲ ನಾನು ಆ ವಾಸನೆಯ ಮೇಲೆ ಕುಳಿತಿದ್ದೆ. ಕೈಯಲ್ಲಿದ್ದ ನೀರಿನ ಜಗ್ಗನ್ನು ಕೆಳಗಿಟ್ಟು, ಅವ್ವನಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದೆ. ಮುಡಬಿಯ ಬಸ್ಸು ನಿಂತಿತ್ತು. ಮೂರು ವರ್ಷ ನಾನು ಹತ್ತದೇ ಬಿಟ್ಟ ಬಸ್ಸು.

ಮೂರು ವರ್ಷದ ಹಿಂದೆ ನಾನು ಹುಮನಾಬಾದಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ದಿನಾ ಬಸವಕಲ್ಯಾಣದಿಂದ ಓಡಾಡಿ ಸಾಕಾಗಿ ಮಾಣಿಕನಗರದಲ್ಲಿ ಒಂದು ಖೋಲಿ ಹಿಡಿದಿದ್ದೆ. ನನ್ನ ಜೊತೆಗೆ ದೇವಿಂದ್ರ ಇದ್ದ. ಮುಡಬಿಯವನು, ನನ್ನದೇ ತರಗತಿ. ತಂದೆ ಇಲ್ಲ. ಅವ್ವ ಶಾಂತಾಬಾಯಿ ಮಂದಿಯ ಹೊಲದಲ್ಲಿ ಕೂಲಿ. ಮನೆಯಲ್ಲಿ ಒಬ್ಬ ತಂಗಿ, ಗೋಡೆಗೆ ಬುದ್ಧನ ಒಂದು ಪಟ. ದೇವಿಂದ್ರ ಆರಡಿ ನಾಲ್ಕಿಂಚು ಎತ್ತರ. ನಮ್ಮ ಖೋಲಿಯ ಬಾಗಿಲಲ್ಲಿ ಅವನು ತಲೆ ತಗ್ಗಿಸದೆ ಬಂದದ್ದನ್ನು ನಾನು ನೋಡಿಲ್ಲ.

ನಮ್ಮವ್ವ ತಿಂಗಳಿಗೊಮ್ಮೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದಳು. ಅವಳು ಬರುವ ದಿನ ದೇವಿಂದ್ರ ತನ್ನ ಹಾಸಿಗೆ ಸುತ್ತಿ ಮೂಲೆಗಿಟ್ಟು, "ಲೈಬ್ರರಿಗಿ ಹೋಗಿ ಬರ್ತೀನಿ," ಎಂದು ಹೊರಡುತ್ತಿದ್ದ. ಹೋಗು ಎಂದು ನಾನು ಯಾವತ್ತೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ಆ ವರ್ಷ ನಾನು ಮಾಡಿದ ಬಹಳಷ್ಟು ಕೆಲಸಗಳು ಇದೇ ರೀತಿಯವು.

ಕಾಲೇಜಿನಲ್ಲಿ ಅವನಿಗೆ ಒಂಟಿ ಎಂದು ಹೆಸರು. ಒಂಟೆ. "ಏ ಒಂಟಿ, ಮ್ಯಾಲ ಮಳಿ ಬರಾಕತ್ತದೇನು ನೋಡಿ ಹೇಳು," ಎನ್ನುತ್ತಿದ್ದರು ಹುಡುಗರು. ಮಾಸ್ತರರೂ ಬಿಡುತ್ತಿರಲಿಲ್ಲ. ಸ್ಟಾಫ್ ರೂಮಿನ ಟ್ಯೂಬ್‌ಲೈಟ್ ಕೆಟ್ಟರೆ, ಪ್ರಾಚಾರ್ಯರ ಕೋಣೆಯ ಜೇಡರ ಬಲೆ ತೆಗೆಯಬೇಕಾದರೆ, ಸರಸ್ವತಿ ಪೂಜೆಗೆ ಬಾಗಿಲಿಗೆ ತೋರಣ ಕಟ್ಟಬೇಕಾದರೆ ಒಂದೇ ಮಾತು: "ಏಣಿ ಯಾಕ? ದೇವಿಂದ್ರನ್ನ ಕರೀರಿ." ಅವನು ಪಾಠ ಬಿಟ್ಟು ಎದ್ದು ಹೋಗುತ್ತಿದ್ದ. ನಗುತ್ತಲೇ ಹೋಗುತ್ತಿದ್ದ. ಅವನು ನಗುತ್ತಾನಲ್ಲ ಎಂದು ನಾವೂ ನಗುತ್ತಿದ್ದೆವು.

ಬಾಸ್ಕೆಟ್‌ಬಾಲಿಗೆ ಅವನನ್ನು ಎಳೆದದ್ದು ಪಿ.ಟಿ. ಸರ್. ಅದೂ ಒಂದು ತಮಾಷೆಯಾಗಿಯೇ ಶುರುವಾಯಿತು. ಚೆಂಡು ರಿಂಗಿಗೂ ಬೋರ್ಡಿಗೂ ನಡುವೆ ಸಿಕ್ಕಿಕೊಂಡಿತ್ತು, ತೆಗೆಯಲು ಒಂಟಿಯನ್ನು ಕರೆಸಿದರು. ಅವನು ಚೆಂಡು ತೆಗೆದವನು ಕೊಡಲಿಲ್ಲ. ಹತ್ತು ಹೆಜ್ಜೆ ಹಿಂದೆ ಹೋಗಿ ಎಸೆದ. ಬಿತ್ತು. ಇನ್ನಷ್ಟು ಹಿಂದೆ ಹೋದ. ಮತ್ತೆ ಬಿತ್ತು. ದೀಪಾವಳಿಯ ಹೊತ್ತಿಗೆ ನಮ್ಮ ಕಾಲೇಜಿನ ತಂಡ ಎಂದರೆ ದೇವಿಂದ್ರ ಮತ್ತು ಅವನಿಗೆ ಚೆಂಡು ಕೊಡುವ ನಾಲ್ವರು ಎಂಬಂತಾಯಿತು. ಅವನೊಬ್ಬನೇ ಗಳಿಸುವ ಪಾಯಿಂಟು ಎದುರಿನ ಇಡೀ ತಂಡಕ್ಕಿಂತ ಹೆಚ್ಚಿರುತ್ತಿತ್ತು. ನಾನು ಐದಡಿ ಮೂರಿಂಚು. ಆಡಲು ಬಾರದವನು. ಅಕ್ಷರ ಚೆನ್ನಾಗಿದೆ ಎಂದು ಪಿ.ಟಿ. ಸರ್ ಸ್ಕೋರ್ ಬರೆಯಲು ಕೂಡಿಸಿದರು. ಅವನು ಹೊಡೆಯುತ್ತಿದ್ದ, ನಾನು ಬರೆಯುತ್ತಿದ್ದೆ. ಬರೆಯುತ್ತ ಬರೆಯುತ್ತ ಅದರಲ್ಲಿ ನನ್ನದೂ ಪಾಲಿದೆ ಅನ್ನಿಸತೊಡಗಿತು.

ನಮ್ಮ ಮೈದಾನದ ಕಂಬಗಳ ಬಗ್ಗೆ ಹೇಳಬೇಕು. ಅವನ್ನು ನೆಲದಲ್ಲಿ ಹುಗಿದಿರಲಿಲ್ಲ. ಆ ಮೈದಾನದಲ್ಲೇ ಧ್ವಜವಂದನೆ, ವಾರ್ಷಿಕ ಗ್ಯಾದರಿಂಗ್, ಯಾರದೋ ಭಾಷಣ ಎಲ್ಲ ಆಗುವುದರಿಂದ, ಬೇಕೆಂದಾಗ ತಳ್ಳಿಕೊಂಡು ಹೋಗಲು ಬರುವಂತೆ ಚಕ್ರದ ಮೇಲೆ ಮಾಡಿಸಿದ್ದರು. ಬೋರ್‌ವೆಲ್ಲಿನ ಹಳೆಯ ಪೈಪು, ಊರ ವೆಲ್ಡಿಂಗ್ ಅಂಗಡಿಯ ಕೆಲಸ. ಮುಂದೆ ಬೋರ್ಡು, ರಿಂಗು. ಅದರ ಭಾರಕ್ಕೆ ಕಂಬ ಮುಂದಕ್ಕೆ ಮುಗ್ಗರಿಸಬಾರದೆಂದು ಹಿಂದೆ ಒಂದು ಕಬ್ಬಿಣದ ತೊಟ್ಟಿ. ತೊಟ್ಟಿಯಲ್ಲಿ ಹನ್ನೆರಡು ಚೀಲ ಉಸುಕು.

ನವೆಂಬರಿನಿಂದ ನಾವಿಬ್ಬರೂ ಬೆಳಗ್ಗೆ ಐದೂವರೆಗೆ ಮೈದಾನಕ್ಕೆ ಹೋಗತೊಡಗಿದೆವು. ಮಂಜು ಇರುತ್ತಿತ್ತು. ರಸ್ತೆಯಲ್ಲಿ ಕಬ್ಬಿನ ಲಾರಿಗಳು ಮಾತ್ರ. ನಾನು ಶಾಲು ಹೊದ್ದು ತೊಟ್ಟಿಯ ಚೀಲಗಳ ಮೇಲೆ ಕೂಡುತ್ತಿದ್ದೆ. ಉಸುಕು ಹಿಂದಿನ ದಿನದ ಬಿಸಿಲನ್ನು ಸ್ವಲ್ಪ ಉಳಿಸಿಕೊಂಡಿರುತ್ತಿತ್ತು. ಫೋನಿನಲ್ಲಿ ಒಬ್ಬ ಅಮೆರಿಕದ ಆಟಗಾರನ ಜೀವನ ಇತ್ತು, ಇಂಗ್ಲಿಷಿನಲ್ಲಿ, ಬಹಳ ಉದ್ದ. ಅದನ್ನು ದಿನಕ್ಕಿಷ್ಟು ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ದೇವಿಂದ್ರ ಎಸೆಯುತ್ತ ಕೇಳುತ್ತಿದ್ದ.

ಆ ಆಟಗಾರನ ಹೆಸರು ಇಲ್ಲಿ ಬೇಡ. ನಾವು ಅವನನ್ನು ಅಮೆರಿಕದವ ಎಂದೇ ಕರೆಯುತ್ತಿದ್ದೆವು. ಹತ್ತಿಯ ಗಿರಣಿ ಮುಚ್ಚಿದ ಒಂದು ಸಣ್ಣ ಊರು. ಅಜ್ಜಿ ಸಾಕಿದ ಹುಡುಗ. ತಳ ಕಿತ್ತ ಬಕೆಟ್ಟನ್ನು ಗೋಡೆಗೆ ಬಡಿದು ಆಡಲು ಕಲಿತವನು. ಶಾಲೆಯಲ್ಲಿ ಅವನ ಎತ್ತರಕ್ಕೂ ಕರಿ ಬಣ್ಣಕ್ಕೂ ನಕ್ಕವರು ಮುಂದೆ ಅವನ ಆಟಕ್ಕೆ ಟಿಕೆಟ್ ಕೊಂಡು ಬಂದರು. ಒಂದೊಂದು ರಾತ್ರಿ ಅವನೊಬ್ಬನೇ ಗಳಿಸಿದ ಪಾಯಿಂಟು ಓದಿದರೆ ದೇವಿಂದ್ರ ಚೆಂಡು ಹಿಡಿದು ನಿಂತುಬಿಡುತ್ತಿದ್ದ.

"ಮತ್ತೊಮ್ಮೆ ಹೇಳು."

ಮತ್ತೊಮ್ಮೆ ಹೇಳುತ್ತಿದ್ದೆ.

"ಅವಂಗೂ ಟ್ಯೂಬ್‌ಲೈಟ್ ಹಾಕಾಕ ಕರೀತಿದ್ರೇನೋ?"

"ಕರೀತಿದ್ರಂತ," ಎಂದೆ. ಅದರಲ್ಲಿ ಹಾಗೇನೂ ಇರಲಿಲ್ಲ. ಅವನು ಜೋರಾಗಿ ನಕ್ಕ. ಅವತ್ತಿನಿಂದ ನನಗೆ ರುಚಿ ಹತ್ತಿತು. ತಿಳಿಯದ ಇಂಗ್ಲಿಷ್ ಬಂದಲ್ಲಿ ನನ್ನದನ್ನು ಸೇರಿಸಿದೆ, ತಿಳಿದಲ್ಲಿಯೂ ಸೇರಿಸಿದೆ. ಒಂದು ದಿನ ಹೇಳಿದೆ: "ಆಟ ಮುಗಿಯೋ ಮುಂದ ಅಂವ ಒಂದ್ಸಲ ಹಾರಿ, ಚೆಂಡು ರಿಂಗಿನೊಳಗ ತುರುಕಿ, ಎರಡೂ ಕೈಲೆ ರಿಂಗ್ ಹಿಡಿದು ಜೋತು ಬೀಳತಿದ್ದ. ಮಂದಿ ಮನಿಗಿ ಹೋಗೋ ಮುಂದ ಅದೊಂದನ್ನ ನೆನಸ್ಕೊಂಡು ಹೋಗ್ತಿದ್ರು."

ಅಮೆರಿಕದವನು ಹಾಗೆ ಮಾಡಿದ್ದು ಎಲ್ಲಿಯೂ ಬರೆದಿರಲಿಲ್ಲ. ಅವನು ದೂರದಿಂದ ಎಸೆದು ಹೆಸರಾದವನು. ಜೋತು ಬೀಳುವುದನ್ನು ನಾನು ಬೇರೆ ಯಾರದೋ ವಿಡಿಯೋದಲ್ಲಿ ನೋಡಿದ್ದೆ.

ಕಥೆಯ ಕೊನೆಯ ಭಾಗವನ್ನು ನಾನು ಓದಿ ಹೇಳಲೇ ಇಲ್ಲ. ಮೊಣಕಾಲು ಹೋಯಿತು, ದೊಡ್ಡ ತಂಡ ಬಿಟ್ಟಿತು, ಸಣ್ಣ ತಂಡಗಳಲ್ಲಿ ಕೆಲವು ವರ್ಷ ಕುಂಟಿದ, ಕೊನೆಗೆ ಅದೇ ಊರಿಗೆ ಬಂದು ಬಾಗಿಲು ಹಾಕಿಕೊಂಡ. ಇಷ್ಟು ಇತ್ತು. "ಮುಂದ?" ಎಂದಾಗ "ಇನ್ನೂ ಭಾಳ ಅದ," ಎನ್ನುತ್ತಿದ್ದೆ.

ಜನವರಿಯಲ್ಲಿ, ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ದೇವಿಂದ್ರ ಮೂರು ದಿನ ಅವ್ವನಿಗೆ ಕೈಜೋಡಿಸಲು ಮುಡಬಿಗೆ ಹೋಗಿ ಬಂದಿದ್ದ. ಬಂದ ಮರುದಿನ ಬೆಳಗ್ಗೆ ಒಂದು ಮಾತೂ ಹೇಳದೆ ದೂರದಿಂದ ಓಡಿ ಬಂದು ಹಾರಿದ. ಚೆಂಡು ಒಳಗೆ ಹೋಯಿತು. ಎರಡೂ ಕೈ ರಿಂಗ್ ಹಿಡಿದಿದ್ದವು. ಅವನು ಜೋತಾಡುತ್ತಿದ್ದ, ಮಂಜಿನಲ್ಲಿ ಕಾಲು ಮಾತ್ರ ಸರಿಯಾಗಿ ಕಾಣುತ್ತಿತ್ತು.

ನಾನು ತೊಟ್ಟಿಯಲ್ಲಿ ಚೀಲಗಳ ಮೇಲೆ ಕುಳಿತಿದ್ದೆ. ನನ್ನ ಕೆಳಗೆ ತೊಟ್ಟಿ ಒಂದು ಬೆರಳಿನಷ್ಟು ಎದ್ದು ಮತ್ತೆ ಕೂತಿತು. ಹನ್ನೆರಡು ಚೀಲ, ಮೇಲೆ ನಾನು. ಆದರೂ ಎದ್ದಿತು.

"ಏ, ಬೀಳತದೋ!" ಎಂದು ಕೂಗಿದೆ.

ಅವನು ಇಳಿದು ನಗುತ್ತ ಬಂದ. "ಯಾಕ ಬೀಳತದ? ನೀ ಕುಂತೀಯಲ್ಲ. ನೀ ಹದಿಮೂರನೇ ಚೀಲ."

ಅಲ್ಲಿಂದ ಅದೊಂದು ಆಟವಾಯಿತು. ಅವನು ಹಾರುವ ಮೊದಲು "ಹದಿಮೂರು!" ಎಂದು ಕೂಗುತ್ತಿದ್ದ. ನಾನು ಫೋನು ಜೇಬಿಗಿಟ್ಟು, ತೊಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, "ಹಾರು!" ಎನ್ನುತ್ತಿದ್ದೆ. ಆಮೇಲೆ ಅವನು ಹಾರುತ್ತಿದ್ದ. ನಾನು ಹಾರು ಎನ್ನದೆ ಅವನು ಒಮ್ಮೆಯೂ ಹಾರಲಿಲ್ಲ. ಅವನಿಗೆ ರಿಂಗ್ ಎಟಕುತ್ತದೆ ಎಂಬುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಬೇಕೆಂದೇ ಮುಚ್ಚಿಟ್ಟಿದ್ದೆವು.

ಮುಚ್ಚಿಟ್ಟದ್ದು ಮಾರ್ಚಿಗಾಗಿ. ಮಾರ್ಚಿನಲ್ಲಿ ನಮ್ಮ ಮೈದಾನದಲ್ಲೇ ಬಸವಕಲ್ಯಾಣದ ಕಾಲೇಜಿನ ಜೊತೆ ಫೈನಲ್. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸಲು ಕಲಬುರಗಿಯಿಂದ ಒಬ್ಬರು ಬರುವವರಿದ್ದರು. ಆ ತಂಡದಲ್ಲಿ ಆಡಿದವರಿಗೆ ಪೊಲೀಸಿನಲ್ಲಿ, ರೈಲ್ವೆಯಲ್ಲಿ ಕ್ರೀಡೆಯ ಮೇಲೆ ನೌಕರಿ ಆಗುತ್ತದೆ ಎಂದು ಪಿ.ಟಿ. ಸರ್ ಹೇಳಿದ್ದರು. ದೇವಿಂದ್ರನಿಗೆ ಅದೊಂದೇ ಬೇಕಿತ್ತು. "ನೌಕರಿ ಆದ ದಿನ ಅವ್ವನ ಕೈಯಾಗಿನ ಕುಡಗೋಲು ಕಸಗೊಂಡು ಮನಿ ಮ್ಯಾಲ ಒಗೀತೀನಿ," ಎನ್ನುತ್ತಿದ್ದ. "ಆಕಿ ಕೇಳಿದ್ರೂ ಇಳಿಸಿ ಕೊಡಂಗಿಲ್ಲ. ಮತ್ಯಾರಿಗೂ ಅದು ಎಟಕಂಗಿಲ್ಲ."

ಆ ದಿನ ಬೆಳಗ್ಗೆಯಿಂದ ಗಾಳಿ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಫೈನಲ್ಲಿನ ಜೊತೆಗೆ ಅತಿಥಿಗಳ ಸನ್ಮಾನವನ್ನೂ ಇಟ್ಟುಕೊಂಡಿದ್ದರು. ನಮ್ಮಲ್ಲಿ ಆಟ ಯಾರದೇ ಇರಲಿ, ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲದೆ ಯಾರನ್ನೂ ಕೂಡಿಸುವುದಿಲ್ಲ. ಅತಿಥಿಗಳಿಗೆ ನೆರಳು ಬೇಕು. ಆದ್ದರಿಂದ ಅಂಗಣದ ಉದ್ದದ ಬದಿಗೆ, ಅದರ ನಟ್ಟನಡುವೆ ಶಾಮಿಯಾನ. ಹಾಕಲು ಬಂದವರು ಡೇರೆಯ ಚಾಂದ್‌ಭಾಯಿ. ಮಧ್ಯಾಹ್ನ ಎರಡೂವರೆಗೆ ಒಂದು ಗಾಳಿ ಬೀಸಿ ಶಾಮಿಯಾನ ಕೊಡೆಯ ಹಾಗೆ ಮೇಲೆದ್ದಿತು. ಕುರ್ಚಿಗಳು ಉರುಳಿದವು. ಗೂಟಗಳೆಲ್ಲ ಕಿತ್ತು ಬಂದಿದ್ದವು.

"ಉಸುಕಿನ ಚೀಲ ಬೇಕ್ರಿ ಸರ್, ಹತ್ತು ಹನ್ನೆರಡು," ಎಂದರು ಚಾಂದ್‌ಭಾಯಿ. "ನಮ್ವು ಎಲ್ಲ ಹುಲಸೂರ ಮದಿವ್ಯಾಗ ಅವ."

ಪಿ.ಟಿ. ಸರ್ ಗಡಿಯಾರ ನೋಡಿದರು. ಆಮೇಲೆ ಕಂಬದ ಕಡೆ ನೋಡಿದರು. "ಅಲ್ಲಿ ಅದಾವಲ್ಲ, ತಗೋರಿ."

ಚಾಂದ್‌ಭಾಯಿ ಹೋಗಿ ತೊಟ್ಟಿಯ ಸುತ್ತ ಒಂದು ಸುತ್ತು ಬಂದರು. ವಾಪಸ್ ಬಂದು ಮೆಲ್ಲಗೆ ಕೇಳಿದರು. "ಸರ್, ಇವು ತೆಗೆದ್ರ ಅದು ನಿಂದರತದೇನ್ರಿ? ನಮ್ಮ ಧಂದಾದಾಗ ಹಿಂದಿನ ವಜನ್ ತೆಗೆದ್ರ ಮುಂದಿಂದು ಬೀಳತದ್ರಿ."

"ನಿಮ್ಮದು ಡೇರಾ, ಇದು ಬಾಸ್ಕೆಟ್‌ಬಾಲ್," ಎಂದು ಸರ್ ನಕ್ಕರು. "ಆ ರಿಂಗಿಗಿ ಬೀಳೋದು ಏನು? ಚೆಂಡು. ಚೆಂಡಿಂದು ವಜನ್ ಎಷ್ಟು? ಒಂದು ಕಲ್ಲಂಗಡಿ ಅಷ್ಟೂ ಇಲ್ಲ. ಮನಷ್ಯಾ ಹೋಗಿ ಅದಕ್ಕ ನೇತಾಡತಾನೇನು?"

ಸುತ್ತಲಿದ್ದವರೆಲ್ಲ ನಕ್ಕರು. ಸರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಮೈದಾನದಲ್ಲಿ ರಿಂಗ್ ಮುಟ್ಟಿದ ಮನುಷ್ಯನನ್ನು ಅವರು ನೋಡಿಯೇ ಇರಲಿಲ್ಲ. ಚೀಲ ತೆಗೆದ ಮೇಲೂ ಕಂಬ ತನ್ನ ಭಾರದಿಂದ ನಿಂತಿತ್ತು. ಸರ್ ಅಂಗೈಯಿಂದ ಒಮ್ಮೆ ತಳ್ಳಿ ತೋರಿಸಿದರು.

ಚೀಲ ಹೊರುವಾಗ ಕೈ ಸಾಲದೆ ನನ್ನನ್ನೂ ಕರೆದರು. ಎರಡು ಚೀಲದ ಕಿವಿಗೆ ನಾನೂ ಕೈ ಹಾಕಿದೆ. ಶಾಮಿಯಾನದ ಬಾಯಿಯಲ್ಲಿ ದೇವಿಂದ್ರ ಕೈಯೆತ್ತಿ ತೋರಣ ಕಟ್ಟುತ್ತಿದ್ದ. ಫೈನಲ್ ಆಡುವ ಹುಡುಗ, ಅವತ್ತೂ ಏಣಿಯ ಬದಲಿಗೆ ಅವನೇ. ನಾವು ಚೀಲ ಹೊತ್ತು ಅವನ ಬದಿಯಿಂದಲೇ ಹಾದುಹೋದೆವು. ಅವನ ಬಾಯಲ್ಲಿ ದಾರ ಇತ್ತು.

ಶಾಮಿಯಾನ ನಟ್ಟನಡುವಿನ ಜಾಗ ಹಿಡಿದಿದ್ದರಿಂದ ಸ್ಕೋರ್ ಬರೆಯುವ ನನ್ನ ಮೇಜನ್ನು ಮೂಲೆಗೆ ಸರಿಸಿದರು. ಚೀಲ ತೆಗೆದ ಕಂಬದ ಪಕ್ಕಕ್ಕೆ, ಎರಡು ಮಾರು ದೂರ. ಆಟ ನಾಲ್ಕಕ್ಕೆ ಶುರುವಾಯಿತು. ನಾನು ಬಸವಕಲ್ಯಾಣದವನೆಂದು ಆ ಕಡೆಯ ಹುಡುಗರು ನನ್ನ ಮೇಜಿನ ಹಿಂದೆ ನಿಂತು, "ಏ ಮಲ್ಲು, ಊರಿಗಿ ಬರಾಂವಲ್ಲೇನು? ನಮಗೂ ನಾಕು ಪಾಯಿಂಟ್ ಬರಕೋ," ಎಂದು ಕಾಡುತ್ತಿದ್ದರು. ದೇವಿಂದ್ರನಿಗೆ "ಒಂಟಿ, ಒಂಟಿ" ಎಂದು ಕೂಗುತ್ತಿದ್ದರು. ಅದಕ್ಕಿಂತ ಕೆಟ್ಟದ್ದನ್ನೂ ಕೂಗಿದರು, ಅವನ ಕೇರಿಯ ಹೆಸರು ಹಿಡಿದು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗೆ ಆಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಎಡದಿಂದ, ಬಲದಿಂದ, ದೂರದಿಂದ, ಇಬ್ಬರ ತಲೆಯ ಮೇಲಿನಿಂದ. ನನ್ನ ಹಾಳೆಯಲ್ಲಿ ಅವನ ಹೆಸರಿನ ಮುಂದಿನ ಜಾಗ ತುಂಬಿ ಅಂಚಿಗೆ ಬಂದಿತ್ತು.

ಕೊನೆಯ ಎರಡು ನಿಮಿಷ ಉಳಿದಿದ್ದಾಗ ಎದುರಿನವರು ಟೈಮ್‌ಔಟ್ ತೆಗೆದುಕೊಂಡರು. ನಾವು ಹದಿನಾಲ್ಕು ಪಾಯಿಂಟು ಮುಂದಿದ್ದೆವು. ಗೆದ್ದಾಗಿತ್ತು. ದೇವಿಂದ್ರ ನೀರು ಕುಡಿಯುತ್ತ ನನ್ನ ಮೇಜಿನ ಹತ್ತಿರ ಬಂದ.

"ಅಂವ ನೋಡಾಕತ್ತಾನೇನೋ?" ಎಂದ. ಕಲಬುರಗಿಯಿಂದ ಬಂದವರನ್ನು ಕೇಳುತ್ತಿದ್ದ.

ನಾನು ಶಾಮಿಯಾನದೊಳಗೆ ಕಣ್ಣು ಹಾಯಿಸಿದೆ. ಅವರು ಅತಿಥಿಗಳ ನಡುವೆ ಕುಳಿತು ಚಹಾ ಕುಡಿಯುತ್ತಿದ್ದರು. ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟಿದ್ದರು. "ಇಲ್ಲ. ಪುಸ್ತಕ ಮುಚ್ಚಿ ಚಹಾ ಕುಡ್ಯಾಕತ್ತಾನ."

ದೇವಿಂದ್ರನ ಮುಖ ಸಣ್ಣದಾಯಿತು. ನೀರಿನ ಬಾಟಲಿ ಮೇಜಿನ ಮೇಲಿಟ್ಟ. "ಹಾರಲೇನು?"

ಇಲ್ಲಿ ನಾನು ಮೂರು ವರ್ಷದಿಂದ ಒಂದು ಮಾತು ಹೇಳಿಕೊಂಡು ಬಂದಿದ್ದೇನೆ. ಅವ್ವನಿಗೆ, ಗೆಳೆಯರಿಗೆ, ನನಗೇ ನಾನು. ಆ ಗದ್ದಲದಲ್ಲಿ ಚೀಲದ ವಿಷಯ ಮರೆತೇ ಹೋಗಿತ್ತು ಎಂದು. ಅದು ಸುಳ್ಳು. ತೊಟ್ಟಿ ನನ್ನ ಮೇಜಿನಿಂದ ಎರಡು ಮಾರು ದೂರದಲ್ಲಿತ್ತು, ಖಾಲಿ ಕಾಣುತ್ತಿತ್ತು. ಅದರ ತಳದಲ್ಲಿ ಚೆಲ್ಲಿದ ಒಂದು ಹಿಡಿ ಉಸುಕೂ ಕಾಣುತ್ತಿತ್ತು. ಚೀಲ ಇಲ್ಲ ಎಂಬುದು ನೂರು ಮಂದಿಗೆ ಗೊತ್ತಿತ್ತು. ದೇವಿಂದ್ರ ಜೋತು ಬೀಳಬಲ್ಲ ಎಂಬುದು ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಎರಡನ್ನೂ ಕೂಡಿಸಿ ನೋಡುವುದು ನನ್ನ ಕೆಲಸವಾಗಿತ್ತು. ನೋಡಿದೆ ಕೂಡ. ಇಷ್ಟು ಮಂದಿಯ ಎದುರಿಗೆ ಏನೂ ಆಗಲಾರದು ಅನ್ನಿಸಿತು. ಒಂದೇ ಗಳಿಗೆಯ ಮಾತು ಅನ್ನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಚಹಾದ ಕಪ್ಪು ಆ ಮನುಷ್ಯನ ಕೈಯಿಂದ ಜಾರುವುದನ್ನು ನೋಡಬೇಕು ಅನ್ನಿಸಿತು.

"ಹಾರು," ಎಂದೆ.

ಸೀಟಿ ಊದಿದರು. ಎದುರಿನವನ ಪಾಸು ಕಸಿದುಕೊಂಡು ದೇವಿಂದ್ರ ಒಬ್ಬನೇ ಬಂದ. ಅವನಿಗೂ ಕಂಬಕ್ಕೂ ನಡುವೆ ಯಾರೂ ಇರಲಿಲ್ಲ. ಓಡುತ್ತ ನನ್ನ ಕಡೆ ತಿರುಗಿ ಏನೋ ಕೂಗಿದ. ಗದ್ದಲದಲ್ಲಿ ಕೇಳಿಸಲಿಲ್ಲ, ಬಾಯಿ ಆಡಿದ್ದು ಮಾತ್ರ ಕಂಡಿತು. ಆಮೇಲೆ ನೆಲ ಬಿಟ್ಟ. ಇಡೀ ಮೈದಾನ ಒಂದು ಕ್ಷಣ ಸುಮ್ಮನಾಯಿತು. ಚೆಂಡು ರಿಂಗಿನೊಳಗೆ ಹೋದ ಸದ್ದು, ಕೈ ಕಬ್ಬಿಣ ಹಿಡಿದ ಸದ್ದು ನನಗೆ ಬೇರೆ ಬೇರೆಯಾಗಿ ಕೇಳಿಸಿದವು. ತೊಟ್ಟಿ ಎದ್ದಿತು. ಜನವರಿಯಲ್ಲಿ ಎದ್ದು ಕೂತಂತೆ ಕೂಡಲಿಲ್ಲ. ಏಳುತ್ತಲೇ ಹೋಯಿತು. ಅದರ ತಳದ ಆ ಒಂದು ಹಿಡಿ ಉಸುಕು ಗಾಳಿಗೆ ಹಾರಿ ನನ್ನ ಹಾಳೆಯ ಮೇಲೆ ಉದುರಿತು.

ಅವನು ರಿಂಗ್ ಬಿಡಲಿಲ್ಲ. ಬಿಟ್ಟಿದ್ದರೆ ಪಾರಾಗುತ್ತಿದ್ದ ಎಂದು ಆಮೇಲೆ ಎಲ್ಲರೂ ಹೇಳಿದರು. ಬೆನ್ನ ಮೇಲೆ ಬಿದ್ದ. ಬೋರ್ಡಿನ ಕಬ್ಬಿಣದ ಚೌಕಟ್ಟು ಅವನ ಬಲಗೈಯ ಮೇಲೆ, ಮೊಣಕೈಯಿಂದ ಬೆರಳಿನವರೆಗೆ, ಅಡ್ಡ ಬಿತ್ತು. ಬೀಳುತ್ತ ಪಕ್ಕಕ್ಕೆ ವಾಲಿದ ಪೈಪು ನನ್ನ ಮೇಜಿನ ಅಂಚನ್ನು ಸೀಳಿ ಹೋಯಿತು. ಒಂದು ಮೊಳ ಈಚೆ ಬಿದ್ದಿದ್ದರೆ ನನ್ನ ತಲೆ ಇತ್ತು ಅಲ್ಲಿ. ಇಂದಿಗೂ ಮೇಲಿನಿಂದ ಏನಾದರೂ ಸದ್ದಾದರೆ ಕೈ ತಾನಾಗಿ ತಲೆಯ ಮೇಲೆ ಹೋಗುತ್ತದೆ.

ಎದ್ದು ಓಡಿದೆ. ಆದರೆ ಓಡುವ ಮೊದಲು ನನ್ನ ಕೈ ಒಂದು ಕೆಲಸ ಮಾಡಿತ್ತು. ಅವನ ಹೆಸರಿನ ಮುಂದೆ ಎರಡು ಪಾಯಿಂಟು ಬರೆದಿತ್ತು. ಉಸುಕಿನ ಮೇಲೆಯೇ ಬರೆದದ್ದು. ಆ ಅಂಕೆ ಮಾತ್ರ ಒರಟಾಗಿ ಮೂಡಿತ್ತು.

ಆ ಗಾಳಿಯಲ್ಲೂ ಶಾಮಿಯಾನ ಒಂದಿಷ್ಟೂ ಅಲುಗಲಿಲ್ಲ. ಮೈಕಿನಲ್ಲಿ ಯಾರೋ "ಶಾಂತರೀತಿಯಿಂದ ಕೂಡಬೇಕು, ಅತಿಥಿಗಳಿಗೆ ತೊಂದರೆ ಆಗಬಾರದು," ಎಂದು ಹೇಳುತ್ತಲೇ ಇದ್ದರು. ಎಂಟು ಮಂದಿ ಸೇರಿ ಬೋರ್ಡು ಎತ್ತಿದರು. ಅದರಲ್ಲಿ ಆಗತಾನೇ ಅವನ ಕೇರಿಯ ಹೆಸರು ಹಿಡಿದು ಕೂಗಿದ ಇಬ್ಬರೂ ಇದ್ದರು. ದೇವಿಂದ್ರನನ್ನು ಜೀಪಿನಲ್ಲಿ ಮಲಗಿಸಿದರೆ ಕಾಲು ಹೊರಗೆ ಬರುತ್ತಿದ್ದವು, ಬಾಗಿಲು ಹಾಕಲು ಬರಲಿಲ್ಲ. ಒಬ್ಬ ಅದಕ್ಕೂ ನಕ್ಕ. ಗಾಬರಿಗೆ ನಕ್ಕನೋ, ರೂಢಿಗೆ ನಕ್ಕನೋ ಗೊತ್ತಿಲ್ಲ.

ಕಲಬುರಗಿಯವರು ನನ್ನ ಹತ್ತಿರ ಬಂದರು. ಪುಸ್ತಕ ತೆರೆದು ತೋರಿಸಿದರು. ಮೊದಲ ಸಾಲಿನಲ್ಲೇ ದೇವಿಂದ್ರನ ಹೆಸರು, ಕೆಳಗೆ ಗೆರೆ. "ಮೊದಲ ಹದಿನೈದು ನಿಮಿಷದಾಗ ಬರಕೊಂಡೀನಿ ನೋಡು. ಮುಂದ ನೋಡೂದೇನಿತ್ತು ಅಂತ ಪುಸ್ತಕ ಮುಚ್ಚಿದೆ," ಎಂದರು. "ಇದನ್ನ ಯಾಕ ಮಾಡಿದ ಹುಡುಗ?"

ಜೀಪು ಹೋದ ಅರ್ಧ ಗಂಟೆಯಲ್ಲಿ ಸನ್ಮಾನ ಮುಗಿಸಿದರು. ಶಾಲು ತಂದಾಗಿತ್ತು. ಸಂಜೆ ಆರರೊಳಗೆ ಕಂಬ ಎತ್ತಿ ನಿಲ್ಲಿಸಿ, ಹನ್ನೆರಡೂ ಚೀಲ ತಿರುಗಿ ತೊಟ್ಟಿಯಲ್ಲಿ ಇಡಿಸಿದರು. ಮೂರು ದಿನ ಬಿಟ್ಟು ಪಿ.ಟಿ. ಸರ್ ಒಂದು ಕಾಗದ ತಂದರು. ಆಟಗಾರ ನಿಯಮ ಮೀರಿ ರಿಂಗಿಗೆ ಜೋತು ಬಿದ್ದದ್ದರಿಂದ ಅಪಘಾತ ಆಯಿತು, ಚೀಲಗಳು ಸ್ವಸ್ಥಾನದಲ್ಲಿದ್ದವು ಎಂದು ಅದರಲ್ಲಿತ್ತು. "ನೀ ಹತ್ರ ಇದ್ದಾಂವ. ನಿನ್ನ ಸಹಿ ಬೇಕು," ಎಂದರು. ಹಾರು ಎಂದವನು ನಾನು ಎಂಬುದು ಆ ಕಾಗದದಲ್ಲಿ ಇಲ್ಲವಲ್ಲ ಎಂಬ ಸಮಾಧಾನದಲ್ಲಿ ಸಹಿ ಹಾಕಿದೆ.

ಕಲಬುರಗಿಯ ಆಸ್ಪತ್ರೆಗೆ ಒಮ್ಮೆ ಹೋದೆ. ಕೈ ಉಳಿದಿತ್ತು, ಬೆರಳು ಮಡಚಲು ಬರುವುದಿಲ್ಲ ಎಂದಿದ್ದರು. ದೇವಿಂದ್ರನಿಗೆ ನಿದ್ದೆ. ಶಾಂತಾಬಾಯಿ ಬಾಗಿಲಲ್ಲಿ ಕುಳಿತಿದ್ದಳು. "ಬಾರಪ್ಪ, ಕುಂದರು. ನಿನ್ನ ಹೆಸರು ಭಾಳ ಹೇಳತಿದ್ದ. ಮಲ್ಲು ಇದ್ರ ನನಗೇನೂ ಆಗಂಗಿಲ್ಲ ಅಂತಿದ್ದ," ಎಂದಳು. ನಾನು ಕೂಡಲಿಲ್ಲ. ಪರೀಕ್ಷೆ ಇದೆ ಎಂದು ಹೇಳಿ ಬಂದೆ. ಪರೀಕ್ಷೆ ಇತ್ತು. ಪಾಸಾದೆ.

ಹೋದ ತಿಂಗಳು, ಮದುವೆಯಿಂದ ಎದ್ದು ಬಂದ ದಿನ, ಮುಡಬಿಯಲ್ಲಿ ಬಸ್ಸಿಳಿದು ಕೇಳಿದರೆ ಹಿಟ್ಟಿನ ಗಿರಣಿಯ ಕಡೆ ಕೈ ತೋರಿಸಿದರು. ದೇವಿಂದ್ರ ತಕ್ಕಡಿಯ ಮುಂದೆ ಒಂದು ಡಬ್ಬದ ಮೇಲೆ ಕುಳಿತಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು. ಎಡಗೈಯಿಂದ ತೂಕದ ಕಲ್ಲು ಇಡುತ್ತಿದ್ದ, ಬಲಗೈ ತೊಡೆಯ ಮೇಲಿತ್ತು. ಕುಳಿತಾಗ ಅವನ ಎತ್ತರ ಯಾರಿಗೂ ಗೊತ್ತಾಗುವಂತಿರಲಿಲ್ಲ. ನನ್ನ ಹಿಂದೆ ಕಾಳಿನ ಚೀಲಗಳನ್ನಿಟ್ಟುಕೊಂಡು ಇಬ್ಬರು ಮೂವರು ಹೆಂಗಸರು ಕಾಯುತ್ತಿದ್ದರು.

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮದಿವಿ ಬಟ್ಟಿ ಹಾಕ್ಕೊಂಡು ಬಂದೀಯಲ್ಲೋ. ಉಂಡೀ?"

"ಇಲ್ಲ."

"ಇಲ್ಲಿ ಬರೇ ಹಿಟ್ಟದ," ಎಂದ. ಆಮೇಲೆ ಗಿರಣಿಯ ಸದ್ದಿನ ಮೇಲೆ ದನಿಯೆತ್ತಿ, "ಆ ಅಮೆರಿಕದವಂದು ಕತಿ ಅರ್ಧಕ್ಕ ಬಿಟ್ಟಿದ್ದಿ," ಎಂದ.

ನಾನು ಉಳಿದದ್ದನ್ನು ಹೇಳಿದೆ. ಮೊಣಕಾಲು, ಸಣ್ಣ ತಂಡಗಳು, ಬಾಗಿಲು ಹಾಕಿಕೊಂಡ ಮನೆ. ಜೋತು ಬೀಳುವುದು ನಾನು ಕಟ್ಟಿದ್ದು ಎಂದೂ ಹೇಳಿದೆ.

"ಗೊತ್ತದ. ತಂಗಿ ಓದಿ ಹೇಳಿದ್ಲು. ಅಂವ ದೂರಿಂದ ಹೊಡೀತಿದ್ನಂತ." ಕಲ್ಲು ತೆಗೆದು ಪಕ್ಕಕ್ಕಿಟ್ಟ. "ನಾನೂ ದೂರಿಂದನ ಹೊಡೀತಿದ್ದೆ."

ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡ ಮಾತುಗಳೆಲ್ಲ ಹೋದವು. "ಚೀಲ ಇಲ್ಲಂತ ನನಗ ನೆನಪಿತ್ತೋ ದೇವಿಂದ್ರ," ಎಂದುಬಿಟ್ಟೆ. "ಮರ್ತಿರಲಿಲ್ಲ. ನೆನಪಿಟ್ಟುಕೊಂಡೇ ಹಾರು ಅಂದೆ."

ಅವನು ಬಯ್ಯಬೇಕಿತ್ತು. ತಲೆ ಅಲ್ಲಾಡಿಸಿದ. "ನನಗೂ ಗೊತ್ತಿತ್ತು. ತೋರಣ ಕಟ್ಟಾಕತ್ತಿದ್ದೆ. ನನ್ನ ಬಾಜೂಲಿಂದನ ಒಯ್ದ್ರಿ. ನೀನೂ ಹೊತ್ತಿದ್ದಿ."

"ಮತ್ತ ಯಾಕ ಹಾರಿದಿ?"

ಗಿರಣಿಯವನು ಯಂತ್ರದ ಬೆಲ್ಟು ತೆಗೆದ. ಸದ್ದು ಇಳಿಯಿತು. ದೇವಿಂದ್ರ ಈಗ ಮೆಲ್ಲಗೆ ಮಾತಾಡಿದ.

"ನೀ ಕಂಬದ ಹತ್ರನ ಇದ್ದಿ. ಹದಿಮೂರು ಅಂತ ಒದರಿದೆ. ನಾ ಹಾರೂಷ್ಟರಾಗ ನೀ ಹಿಂದ ಹೋಗಿ ತೊಟ್ಯಾಗ ಕುಂದರತಿ ಅಂದಕೊಂಡೆ."

ನಾನು ಅಲ್ಲಿಯೇ ನಿಂತಿದ್ದೆ. ಅವನು ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿ ಎಡಗೈ ಬೀಸಿದ.

"ಸ್ವಲ್ಪ ಸರಿಯೋ. ಬರ್ರಿ ಅಕ್ಕ, ಇಡ್ರಿ ಚೀಲ."